ಖಾತೆ ಕೊಟ್ಟವನೂ ಕಳವಿನ ಪಾಲುದಾರ

2025ರಲ್ಲಿ ಗುಜರಾತಿನ ಗಾಂಧಿನಗರದ ವೈದ್ಯೆಯೊಬ್ಬರು ಸುಮಾರು ಮೂರು ತಿಂಗಳ ಕಾಲ ತಮ್ಮ ಮನೆಯಲ್ಲಿಯೇ ಬಂದಿಯಾಗಿದ್ದರು. ಬಾಗಿಲಿಗೆ ಬೀಗ ಬಿದ್ದಿರಲಿಲ್ಲ, ಹೊರಗೆ ಕಾವಲುಗಾರನೂ ಇರಲಿಲ್ಲ. ಅವರನ್ನು ಹಿಡಿದಿಟ್ಟದ್ದು ಒಂದು ಫೋನ್ ಕರೆ. ಪೊಲೀಸರು, ಸರಕಾರಿ ವಕೀಲರು ಎಂದು ಹೇಳಿಕೊಂಡವರು ಅಕ್ರಮ ಹಣ ವರ್ಗಾವಣೆಯ ಮೊಕದ್ದಮೆಯ ಭಯ ಹುಟ್ಟಿಸಿ, ವಿಡಿಯೊ ಕರೆಯಲ್ಲಿ ಕಣ್ಗಾವಲಿಟ್ಟು, ಬ್ಯಾಂಕ್ ಠೇವಣಿಗಳನ್ನು ಮುರಿಸಿದರು, ಒಡವೆಗಳ ಮೇಲೆ ಸಾಲ ತೆಗೆಸಿದರು. 35 ಬೇರೆ ಬೇರೆ ಖಾತೆಗಳಿಗೆ ಹೋದ ಹಣ 19 ಕೋಟಿ ರೂಪಾಯಿಗಳನ್ನು ಮೀರಿತ್ತು. ಗುಜರಾತ್ ಸಿಐಡಿ ಆ ಹಣದ ಜಾಡು ಹಿಡಿದು ಹೊರಟಾಗ ಮೊದಲು ಬಂಧಿಸಿದ ಆರೋಪಿಯು ಸೂರತ್‌ನವನು. ಒಂದು ಕೋಟಿ ರೂಪಾಯಿ ಅವನ ಖಾತೆಗೆ ಬಂದಿತ್ತು.

ಅದೇ ಸೂರತ್‌ನಲ್ಲಿ 2024ರಲ್ಲಿ 90 ವರ್ಷದ ವೃದ್ಧರೊಬ್ಬರು ಇದೇ ಬಗೆಯ ವಂಚನೆಗೆ ಸಿಲುಕಿ ಒಂದು ಕೋಟಿಗೂ ಮಿಕ್ಕಿದ ಹಣವನ್ನು ಕಳೆದುಕೊಂಡರು. ಅವರ ಹೆಸರಿನಲ್ಲಿ ಮುಂಬಯಿಯಿಂದ ಚೀನಾಕ್ಕೆ ಹೊರಟ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂಬುದು ಅವರಿಗೆ ಹೇಳಿದ ಸುಳ್ಳು. 2024ರ ಅಕ್ಟೋಬರಿನಲ್ಲಿ ಅಹಮದಾಬಾದಿನ ಸೈಬರ್ ಅಪರಾಧ ಪೊಲೀಸರು ಇಂಥದೇ ಒಂದು ಜಾಲವನ್ನು ಭೇದಿಸಿದಾಗ ಬಂಧಿತರಲ್ಲಿ ತೈವಾನ್ ದೇಶದ ನಾಲ್ವರು ಪ್ರಜೆಗಳಿದ್ದರು. ವಂಚನೆಯನ್ನು ನಡೆಸುವವರು ಎಲ್ಲೋ ದೂರದಲ್ಲಿದ್ದಾರೆ. ಆದರೆ ಹಣವನ್ನು ಮೊದಲು ಬರಮಾಡಿಕೊಂಡ ಖಾತೆ ಅನೇಕ ವೇಳೆ ಇದೇ ಊರಿನ ಬೀದಿಯಲ್ಲಿದೆ. ಈ ಎರಡನೆಯ ಸಂಗತಿಯ ಕಡೆಗೆ ಸಮಾಜದ ಗಮನ ಇನ್ನೂ ಸಾಕಷ್ಟು ಹರಿದಿಲ್ಲ.

ಕೇಂದ್ರ ಗೃಹ ಸಚಿವಾಲಯವು ಸಂಸತ್ತಿಗೆ ಒದಗಿಸಿದ ಅಂಕಿಅಂಶದಂತೆ, ಸೈಬರ್ ವಂಚನೆಯಿಂದ ಭಾರತೀಯರು 2023ರಲ್ಲಿ ಕಳೆದುಕೊಂಡ ಹಣ 7,465 ಕೋಟಿ ರೂಪಾಯಿ; 2024ರಲ್ಲಿ ಅದು 22,845 ಕೋಟಿಗೆ ಏರಿತು. ಒಂದೇ ವರ್ಷದಲ್ಲಿ ಮೂರು ಪಟ್ಟು. ವ್ಯಾಪಾರ ಮತ್ತು ಉಳಿತಾಯಗಳನ್ನು ಜೀವನಕ್ರಮವನ್ನಾಗಿ ಮಾಡಿಕೊಂಡ ಜೈನ ಸಮಾಜಕ್ಕೆ ಈ ಲೆಕ್ಕ ದೂರದ ಸುದ್ದಿಯಲ್ಲ. ಮೂಡುಬಿದಿರೆ, ಕಾರ್ಕಳ, ವೇಣೂರುಗಳಿಂದಲೋ ಬೆಳಗಾವಿ, ಹುಬ್ಬಳ್ಳಿಗಳಿಂದಲೋ ಹೊರಟು ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಿಗೆ ಅದು ಎರಡು ಕಡೆಯಿಂದ ತಟ್ಟುತ್ತದೆ. ಇಲ್ಲಿ ದುಡಿಯುವ ಮಕ್ಕಳು ತಿಂಗಳ ದಿನಸಿಯಿಂದ ಮನೆಯ ಸಾಲದ ಕಂತಿನವರೆಗೆ ಎಲ್ಲವನ್ನೂ ಫೋನಿನಲ್ಲಿಯೇ ನಡೆಸುತ್ತಾರೆ; ಊರಿನಲ್ಲಿ ಒಂಟಿಯಾಗಿರುವ ತಂದೆತಾಯಿಗಳಿಗೂ ಅದೇ ಫೋನನ್ನು ಕೊಡಿಸಿದ್ದಾರೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, ಸಯಾಜಿರಾವ್ ಗಾಯಕವಾಡರು 1908ರಲ್ಲಿ ವಡೋದರಾದಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಶಾಖೆಯ ಗುಮಾಸ್ತರು ಹೆಸರು ಹಿಡಿದು ಮಾತನಾಡಿಸುತ್ತಿದ್ದ ಕಾಲವನ್ನು ಕಂಡ ಹಿರಿಯರು ಈಗ ತಮ್ಮ ಬ್ಯಾಂಕನ್ನು ಸಂದೇಶಗಳಲ್ಲಿ ಮಾತ್ರ ಕಾಣುತ್ತಾರೆ. ಯಾವ ಸಂದೇಶ ನಿಜ, ಯಾವುದು ಸುಳ್ಳು ಎಂದು ಅವರು ಯಾರನ್ನು ಕೇಳಬೇಕು?

ಗುಜರಾತಿನ ಜೈನ ವರ್ತಕರ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಒಂದು ಹಿನ್ನೆಲೆಯಿದೆ. 17ನೇ ಶತಮಾನದಲ್ಲಿ ಸೂರತ್‌ನ ವೀರಜಿ ವೋರಾ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೇ ಸಾಲ ಕೊಡುವಷ್ಟು ದೊಡ್ಡ ಸಾಹುಕಾರರಾಗಿದ್ದರು. ಅಹಮದಾಬಾದಿನ ನಗರಶೇಠ್ ಶಾಂತಿದಾಸ ಝವೇರಿಯವರ ಮಾತಿಗೆ ಮೊಗಲ್ ದರಬಾರಿನಲ್ಲಿಯೂ ಬೆಲೆಯಿತ್ತು. ಆ ಕಾಲದ ಹುಂಡಿ ಒಂದು ತುಂಡು ಕಾಗದ. ಅದರ ಮೇಲೆ ನೂರಾರು ಮೈಲು ದೂರದಲ್ಲಿ ಹಣ ಸಿಗುತ್ತಿದ್ದುದು ಬರೆದವನನ್ನು ಓದುವವನು ಬಲ್ಲನೆಂಬ ಕಾರಣಕ್ಕೆ. ಇಂದಿನ ಯುಪಿಐ ಪಾವತಿ ಹುಂಡಿಗಿಂತ ಸಾವಿರ ಪಾಲು ವೇಗವಾದುದು. ಆದರೆ ಆಚೆ ತುದಿಯಲ್ಲಿ ಇರುವವನು ಯಾರೆಂಬುದು ತಿಳಿಯುವುದಿಲ್ಲ. ವೇಗ ಉಳಿದು ಪರಿಚಯ ಅಳಿದ ಜಾಗದಲ್ಲಿಯೇ ವಂಚಕನು ನಿಂತಿದ್ದಾನೆ.

ಅವನು ಬ್ಯಾಂಕಿನ ಬೀಗವನ್ನು ಒಡೆಯುವುದು ಅಪರೂಪ. ಮನೆಯ ಯಜಮಾನನ ಕೈಯಿಂದಲೇ ಬೀಗ ತೆಗೆಸುತ್ತಾನೆ. ಅದಕ್ಕೆ ಅವನಿಗೆ ಮೂರು ಆಸರೆಗಳು ಬೇಕು: ಕುಟುಂಬದ ಗುಟ್ಟು, ಕುಟುಂಬದ ಮೌನ, ಮತ್ತು ಹಣ ಇಳಿಸಿಕೊಳ್ಳಲು ಯಾರದೋ ಒಂದು ಖಾತೆ. ಈ ಮೂರನ್ನೂ ಒದಗಿಸುತ್ತಿರುವುದು ಸಮಾಜವೇ.

ಮೊದಲನೆಯದು ಗುಟ್ಟು. ಅಂತರ್ಜಾಲದ ಅಂಗಡಿಯಲ್ಲಿ ಒಂದು ಸೀರೆ ಕೊಂಡರೆ ಹೆಸರು, ವಿಳಾಸ, ಫೋನ್ ಸಂಖ್ಯೆ, ಕೊಳ್ಳುವ ಶಕ್ತಿ, ಅಭಿರುಚಿ ಎಲ್ಲವೂ ಮಾರಿದವನ ಬಳಿ ಉಳಿಯುತ್ತವೆ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಅಂಗಡಿಗಳು ಗ್ರಾಹಕರ ಕಾರ್ಡಿನ ಪೂರ್ಣ ಸಂಖ್ಯೆಯನ್ನು ಕೂಡಿಟ್ಟುಕೊಳ್ಳುವಂತಿಲ್ಲ. ಅದರ ಬದಲಿಗೆ ಟೋಕನ್ ಎಂಬ ಸಂಕೇತ ಮಾತ್ರ ಇರುತ್ತದೆ. ಇದು ಒಳ್ಳೆಯ ಕ್ರಮ. ಆದರೆ ಕಾರ್ಡಿನ ಸಂಖ್ಯೆ ಇಲ್ಲದೆಯೂ ಬಲೆ ಬೀಸಬಹುದು. 2020ರ ನವೆಂಬರಿನಲ್ಲಿ ಬೆಂಗಳೂರಿನ ಬಿಗ್‌ಬ್ಯಾಸ್ಕೆಟ್ ಸಂಸ್ಥೆಯ ಸುಮಾರು 2 ಕೋಟಿ ಗ್ರಾಹಕರ ವಿವರಗಳು ಮಾರಾಟಕ್ಕಿವೆ ಎಂದು ಸೈಬರ್ ಭದ್ರತಾ ಸಂಸ್ಥೆಯೊಂದು ಪ್ರಕಟಿಸಿತು. ಕಾರ್ಡಿನಂಥ ಹಣಕಾಸಿನ ವಿವರಗಳನ್ನು ತಾನು ಕೂಡಿಡುವುದಿಲ್ಲ ಎಂದು ಹೇಳಿದ ಸಂಸ್ಥೆ ಪೊಲೀಸರಿಗೆ ದೂರು ಕೊಟ್ಟಿತು. ಆದರೂ ಹೆಸರು, ವಿಳಾಸ, ಫೋನ್ ಸಂಖ್ಯೆ ತಿಳಿದವನು “ನಿಮ್ಮ ಪಾರ್ಸೆಲ್” ಎಂದು ಮಾತು ಆರಂಭಿಸಿದರೆ ನಂಬದವರು ಕಡಿಮೆ. ಸೂರತ್‌ನ ವೃದ್ಧರಿಗೆ ಹೇಳಿದ ಸುಳ್ಳೂ ಪಾರ್ಸೆಲ್ಲಿನದೇ.

ಅಂಗಡಿಗಳನ್ನು ದೂರುವ ಸಮಾಜ ತನ್ನ ಅಂಗಳವನ್ನೂ ನೋಡಿಕೊಳ್ಳಬೇಕು. ಗುಜರಾತಿನ ಸಮುದಾಯಗಳಲ್ಲಿ ವಸ್ತಿಪತ್ರಕ ಎಂಬ ಕುಟುಂಬ ಸೂಚಿಯನ್ನು ಅಚ್ಚು ಹಾಕಿಸುವ ರೂಢಿ ಹಳೆಯದು. ಕನ್ನಡ ಜೈನ ಸಂಘಗಳೂ ಇಂಥ ಪಟ್ಟಿಗಳನ್ನು ಮಾಡುತ್ತವೆ. ಮನೆಯ ಪ್ರತಿಯೊಬ್ಬರ ಹೆಸರು, ಹುಟ್ಟಿದ ದಿನ, ಉದ್ಯೋಗ, ಫೋನ್ ಸಂಖ್ಯೆ ಅಲ್ಲಿರುತ್ತವೆ. ಮುದ್ರಿತ ಪುಸ್ತಕವಾಗಿದ್ದಾಗ ಅದು ನೂರು ಮನೆಗಳ ಕಪಾಟಿನಲ್ಲಿ ಇರುತ್ತಿತ್ತು. ಈಗ ಪಿಡಿಎಫ್ ಆಗಿ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದರೆ ಯಾರ ಕೈ ಸೇರುವುದೆಂದು ಸಂಘದ ಕಾರ್ಯದರ್ಶಿಗೂ ತಿಳಿಯದು. ವಧೂವರರ ಮಾಹಿತಿಪತ್ರದಲ್ಲಿ ಸಂಬಳದ ಮೊತ್ತವಿರುತ್ತದೆ, ಪಂಚಕಲ್ಯಾಣದ ಕರೆಯೋಲೆಯಲ್ಲಿ ಯಾರು ಎಷ್ಟು ದೇಣಿಗೆ ಕೊಟ್ಟರೆಂಬುದು ಇರುತ್ತದೆ. ಧರ್ಮಕ್ಕಾಗಿ ಕೊಟ್ಟ ದಾನವೇ ಕಳ್ಳನಿಗೆ ಸಿರಿವಂತರ ವಿಳಾಸವನ್ನು ತೋರಿಸುವ ಕೈಮರವಾಗುತ್ತಿದೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕರ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ದಾಖಲೆ ಸೃಷ್ಟಿಸುವ ಕೂಟಲೇಖಕ್ರಿಯೆ ಇದೆ, ನಂಬಿ ಇಟ್ಟ ಒತ್ತೆಯನ್ನು ನುಂಗುವ ನ್ಯಾಸಾಪಹಾರ ಇದೆ. ಅವುಗಳ ಸಾಲಿನಲ್ಲಿಯೇ ರಹೋಭ್ಯಾಖ್ಯಾನ, ಅಂದರೆ ಏಕಾಂತದ ಸಂಗತಿಯನ್ನು ಬಯಲು ಮಾಡುವುದು. ಮತ್ತು ಸಾಕಾರಮಂತ್ರಭೇದ, ಅಂದರೆ ಇತರರ ಗುಟ್ಟನ್ನು ಊಹಿಸಿ ಹೊರಗೆ ಹಾಕುವುದು ಇವೆ. ಮಾಹಿತಿ ನಿಜವಾಗಿದ್ದರೂ ಅದನ್ನು ಬಯಲಿಗೆಳೆಯುವುದು ಸತ್ಯವ್ರತಕ್ಕೆ ಕಳಂಕ ಎಂಬುದು ಇಲ್ಲಿನ ಸೂಕ್ಷ್ಮ. ಖಾಸಗಿತನವು ಪಶ್ಚಿಮದಿಂದ ಬಂದ ಹೊಸ ಕಲ್ಪನೆ ಎನ್ನುವವರು ಈ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು.

ಎರಡನೆಯ ಆಸರೆ ಮೌನ. ವಂಚಕನು ಮೊದಲು ವಿಧಿಸುವ ಷರತ್ತು ಹಣದ್ದಲ್ಲ. “ಯಾರಿಗೂ ಹೇಳಬಾರದು” ಎಂಬುದು. 2024ರ ಆಗಸ್ಟ್ ತಿಂಗಳ ಕೊನೆಯಲ್ಲಿ ಲುಧಿಯಾನದ ವರ್ಧಮಾನ್ ಜವಳಿ ಸಮೂಹದ ಅಧ್ಯಕ್ಷ ಎಸ್.ಪಿ. ಓಸ್ವಾಲ್ ಅವರಿಗೆ ವಿಡಿಯೊ ಕರೆಯಲ್ಲಿ ನಕಲಿ ಸುಪ್ರೀಂ ಕೋರ್ಟನ್ನೇ ತೋರಿಸಲಾಯಿತು. ಆಗಿನ ಮುಖ್ಯ ನ್ಯಾಯಮೂರ್ತಿಗಳ ಹೆಸರಿನಲ್ಲಿ ವಿಚಾರಣೆಯೂ ನಡೆಯಿತು. ದೇಶದ ದೊಡ್ಡ ಉದ್ಯಮವೊಂದನ್ನು ಕಟ್ಟಿದ, ಪದ್ಮಭೂಷಣ ಪಡೆದ 82 ವರ್ಷದ ಅನುಭವಿಯಿಂದ ಎರಡೇ ದಿನಗಳಲ್ಲಿ 7 ಕೋಟಿ ರೂಪಾಯಿ ಹೋಯಿತು. ಆದರೆ ಅವರು ತಮ್ಮ ಸಂಸ್ಥೆಯ ಹಿರಿಯರೊಬ್ಬರ ಮುಂದೆ ವಿಷಯವನ್ನು ಹೇಳಿದರು, ಮೋಸ ಕೂಡಲೇ ಬೆಳಕಿಗೆ ಬಂತು, ಪೊಲೀಸರು 5.25 ಕೋಟಿ ರೂಪಾಯಿಗಳನ್ನು ಮರಳಿ ಪಡೆದರು. ಬಳಿಕ ಅವರು ನಾಚಿಕೆಪಡದೆ ದೇಶದ ಮುಂದೆ ಅದನ್ನು ವಿವರಿಸಿದರು. ಗಾಂಧಿನಗರದ ಪ್ರಕರಣದಲ್ಲಿ ಮೂರು ತಿಂಗಳು, ಲುಧಿಯಾನದಲ್ಲಿ ಎರಡು ದಿನ. ಈ ಎರಡರ ನಡುವಿನ ಅಂತರ ಬುದ್ಧಿವಂತಿಕೆಯದಲ್ಲ. ಒಬ್ಬರ ಬಳಿ ಬಾಯಿ ಬಿಟ್ಟು ಹೇಳಿದ್ದರ ಫಲ.

2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಯವರು ವಿಜಯಪುರದ ನಿವಾಸಿಯೊಬ್ಬರು ವಂಚಕನ ಜೊತೆ ಆಡಿದ ಮಾತುಗಳ ಧ್ವನಿಮುದ್ರಣವನ್ನು ಕೇಳಿಸಿದರು. ಡಿಜಿಟಲ್ ಬಂಧನವೆಂಬ ವ್ಯವಸ್ಥೆಯೇ ಕಾನೂನಿನಲ್ಲಿ ಇಲ್ಲವೆಂದು ಸ್ಪಷ್ಟಪಡಿಸಿದರು. ಆ ಕನ್ನಡಿಗರು ಹೆದರದೆ ಕರೆಯನ್ನು ಚಿತ್ರೀಕರಿಸಿಕೊಂಡದ್ದೇ ದೇಶಕ್ಕೆ ಪಾಠವಾಯಿತು. ಪೊಲೀಸರಾಗಲಿ, ಸಿಬಿಐ ಆಗಲಿ, ನ್ಯಾಯಾಲಯವಾಗಲಿ ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. ಜಾಮೀನಿಗೋ ಪರಿಶೀಲನೆಗೋ ಹಣವನ್ನು ಖಾತೆಗೆ ಹಾಕಿಸಿಕೊಳ್ಳುವುದಿಲ್ಲ. ಈ ಎರಡು ವಾಕ್ಯಗಳನ್ನು ಊರಿನಲ್ಲಿರುವ ಪ್ರತಿಯೊಬ್ಬ ಅಜ್ಜ ಅಜ್ಜಿಗೂ ಮೊಮ್ಮಕ್ಕಳೇ ಕನ್ನಡದಲ್ಲಿ ಹೇಳಿಕೊಡಬೇಕು. ಹಣ ಕಳೆದುಕೊಂಡವರನ್ನು “ಓದಿದವರಾಗಿ ಹೀಗೆ ಮಾಡಿದಿರಲ್ಲ” ಎಂದು ಆಡಿಕೊಳ್ಳುವ ಮನೆ, ಮುಂದಿನ ಬಾರಿ ಯಾರೂ ಬಾಯಿ ಬಿಡದಂತೆ ಮಾಡುತ್ತದೆ. ಆ ನಗೆ ಕಳ್ಳನ ಕೆಲಸವನ್ನು ಸುಲಭ ಮಾಡುತ್ತದೆ.

ಮೂರನೆಯ ಆಸರೆ ಬಾಡಿಗೆ ಖಾತೆ. ಪೊಲೀಸರ ಭಾಷೆಯಲ್ಲಿ ಮ್ಯೂಲ್ ಖಾತೆ. ಕದ್ದ ಹಣ ಒಂದು ಖಾತೆಗೆ ಇಳಿದು, ಕೆಲವೇ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿಹೋಗಿ, ನಗದಾಗಿಯೋ ಕ್ರಿಪ್ಟೊ ನಾಣ್ಯವಾಗಿಯೋ ಗಡಿ ದಾಟುತ್ತದೆ. ಆ ಮೊದಲ ಖಾತೆ ಇಲ್ಲದೆ ವಿದೇಶದ ಯಾವ ಜಾಲವೂ ಭಾರತದಲ್ಲಿ ಒಂದು ರೂಪಾಯಿಯನ್ನೂ ಪಡೆಯಲಾರದು. ಕಾಲೇಜಿನ ಹುಡುಗನಿಗೆ ಕೆಲವು ಸಾವಿರ ರೂಪಾಯಿ ಕೊಟ್ಟು ಅವನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮುಗಳನ್ನು ಒಯ್ಯುವವರಿದ್ದಾರೆ; ಸಣ್ಣ ವರ್ತಕನಿಗೆ ಶೇಕಡಾವಾರು ಕಮಿಷನ್ ಹೇಳಿ ಅವನ ಚಾಲ್ತಿ ಖಾತೆಯನ್ನು ಬಳಸುವವರಿದ್ದಾರೆ. ಜವಳಿ, ವಜ್ರಗಳ ವಹಿವಾಟಿನಿಂದ ದಿನವೂ ದೊಡ್ಡ ಮೊತ್ತಗಳು ಹರಿಯುವ ಸೂರತ್‌ನಂಥ ನಗರದಲ್ಲಿ ಇಂಥ ಖಾತೆ ಬೇಗನೆ ಕಣ್ಣಿಗೆ ಬೀಳುವುದಿಲ್ಲ. “ನಾನು ಯಾರನ್ನೂ ಮೋಸ ಮಾಡಲಿಲ್ಲ, ಖಾತೆ ಕೊಟ್ಟೆನಷ್ಟೆ” ಎಂಬುದು ಸಿಕ್ಕಿಬಿದ್ದವರ ಸಾಮಾನ್ಯ ಸಮಜಾಯಿಷಿ.

ಈ ಸಮಜಾಯಿಷಿಗೆ ಅಚೌರ್ಯಾಣುವ್ರತದಲ್ಲಿ ಎಡೆಯಿಲ್ಲ. ಕಳವಿಗೆ ಪ್ರೇರಣೆ, ನೆರವು ನೀಡುವುದು ಸ್ತೇನಪ್ರಯೋಗ. ಕದ್ದು ತಂದದ್ದನ್ನು ಸ್ವೀಕರಿಸುವುದು ತದಾಹೃತಾದಾನ. ತಾನು ಕೈಯಾರೆ ಕದಿಯದವನನ್ನೇ ಗಮನದಲ್ಲಿಟ್ಟು ಹೇಳಿದ ದೋಷಗಳಿವು. ಅಸಲಿಯ ರೂಪದಲ್ಲಿ ನಕಲಿಯನ್ನು ಮಾರುವ ಪ್ರತಿರೂಪಕ ವ್ಯವಹಾರವೂ ಅದೇ ಸಾಲಿನಲ್ಲಿದೆ. ಹೆಸರಾಂತ ಅಂಗಡಿಯನ್ನು ಹೋಲುವ ಜಾಲತಾಣ, ಬ್ಯಾಂಕಿನ ಚಿಹ್ನೆ ಹೊತ್ತ ನಕಲಿ ಆ್ಯಪ್, ಯಾತ್ರಾಸ್ಥಳದ ವಸತಿಗೃಹವನ್ನು ಕಾದಿರಿಸುವ ಸುಳ್ಳು ಪುಟ, ಎಲ್ಲವೂ ಅದರ ಇಂದಿನ ಅವತಾರಗಳು. 2025ರ ಏಪ್ರಿಲ್‌ನಲ್ಲಿ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವು ಯಾತ್ರಿಕರಿಗೆ ನೀಡಿದ ಎಚ್ಚರಿಕೆಯಲ್ಲಿ ಗುಜರಾತಿನ ಸೋಮನಾಥದ ಹೆಸರೂ ಇತ್ತು. ಪಾಲಿತಾಣಕ್ಕೋ ಗಿರಿನಾರಿಗೋ ಹೊರಡುವ ಕುಟುಂಬಕ್ಕೂ ಅದೇ ಎಚ್ಚರ ಬೇಕು. ಲೌಕಿಕ ಕಾನೂನೂ ಬೇರೆ ಮಾತು ಹೇಳುವುದಿಲ್ಲ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ ಗಣಕ ಸಾಧನದ ಮೂಲಕ ವೇಷ ಮರೆಸಿ ಮೋಸ ಮಾಡಿದರೆ ಮೂರು ವರ್ಷದವರೆಗೆ ಸೆರೆವಾಸ, ಕದ್ದ ಸ್ವತ್ತೆಂದು ತಿಳಿದು ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಪ್ರತ್ಯೇಕ ಅಪರಾಧ.

ಆದರೆ ಎಲ್ಲ ಭಾರವನ್ನೂ ಗೃಹಸ್ಥನ ವ್ರತದ ಮೇಲೆ ಹೊರಿಸಿ ಸರಕಾರವೂ ಬ್ಯಾಂಕುಗಳೂ ಕೈತೊಳೆದುಕೊಳ್ಳಲಾಗದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ. ಆ ತೀರ್ಪಿನ ಆರು ವರ್ಷಗಳ ಬಳಿಕ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾಗಲು 2025ರ ನವೆಂಬರ್ ಆಯಿತು. ಗ್ರಾಹಕರ ಮಾಹಿತಿಯನ್ನು ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ಆದರೆ ಆ ದಂಡ ಸರಕಾರದ ಸಂಚಿತ ನಿಧಿಗೆ ಸೇರುತ್ತದೆ; ಮಾಹಿತಿ ಸೋರಿ ನಷ್ಟಪಟ್ಟವನಿಗೆ ಅದರಲ್ಲಿ ಪಾಲಿಲ್ಲ. ಪರಿಹಾರ ಕೇಳಲು ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ಕಲಮನ್ನೂ ಹೊಸ ಕಾಯ್ದೆ ತೆಗೆದುಹಾಕುತ್ತದೆ. ಸರಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಮಾತ್ರ ಬಾಗಿಲು ತೆರೆದಿದೆ. ಪ್ರಜೆಯ ಹೆಸರಿನಲ್ಲಿ ದಂಡ ವಸೂಲಿ ಮಾಡಿ ಪ್ರಜೆಗೆ ಬರಿಗೈ ತೋರಿಸುವ ಕಾನೂನು ಅರ್ಧ ನ್ಯಾಯ.

ಬ್ಯಾಂಕಿನ ವಿಷಯದಲ್ಲಿಯೂ ಇಂಥ ಅರ್ಧ ನ್ಯಾಯವೇ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನ ತಪ್ಪಿಲ್ಲದೆ, ಅವನ ಅನುಮತಿಯಿಲ್ಲದೆ ಹಣ ಹೋದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನು ನಷ್ಟ ಹೊರಬೇಕಿಲ್ಲ. ಅವನ ಹೊಣೆಯನ್ನು ರುಜುವಾತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಹತ್ತು ಕೆಲಸದ ದಿನಗಳೊಳಗೆ ಮೊತ್ತವನ್ನು ಖಾತೆಯಲ್ಲಿ ತೋರಿಸಬೇಕು. ಈ ಹಕ್ಕನ್ನು ಅರಿತ ಕುಟುಂಬಗಳು ಕಡಿಮೆ. ಆದರೆ ಬೆದರಿಸಿಯೋ ನಂಬಿಸಿಯೋ ಗ್ರಾಹಕನ ಕೈಯಿಂದಲೇ ಪಿನ್ ಒತ್ತಿಸಿದಾಗ ಈ ರಕ್ಷಣೆ ಒದಗುವುದಿಲ್ಲ. ಇಂದಿನ ದೊಡ್ಡ ವಂಚನೆಗಳೆಲ್ಲ ಅದೇ ಬಗೆಯವು. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಇಂಥ ನಷ್ಟವನ್ನೂ 85,000 ಪೌಂಡಿನವರೆಗೆ ಬ್ಯಾಂಕುಗಳು ಭರಿಸಬೇಕು. ಹಣ ಕಳಿಸಿದ ಬ್ಯಾಂಕು ಅರ್ಧ, ವಂಚಕನ ಖಾತೆಯನ್ನು ತೆರೆದುಕೊಟ್ಟ ಬ್ಯಾಂಕು ಅರ್ಧ. ಖಾತೆಯನ್ನು ಕೊಟ್ಟವನಿಗೆ ಪಾಪದಲ್ಲಿ ಪಾಲಿದ್ದರೆ, ಪರಿಶೀಲಿಸದೆ ಖಾತೆ ತೆರೆದ ಬ್ಯಾಂಕಿಗೆ ನಷ್ಟದಲ್ಲಿ ಪಾಲಿರಬೇಕೆಂಬ ಈ ತತ್ತ್ವ ಭಾರತಕ್ಕೂ ಬರಬೇಕು. ಬಾಡಿಗೆ ಖಾತೆಗಳನ್ನು ಪತ್ತೆಹಚ್ಚಲು ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನೊವೇಶನ್ ಹಬ್ ಮ್ಯೂಲ್‌ಹಂಟರ್ ಎಂಬ ತಂತ್ರಾಂಶವನ್ನು ರೂಪಿಸಿದೆ. ಸಾಧನ ಇರುವಾಗ ‘ಗೊತ್ತಾಗಲಿಲ್ಲ’ ಎಂಬ ನೆಪ ಸಲ್ಲದು. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟು ಡಿಜಿಟಲ್ ಬಂಧನದ ಪ್ರಕರಣಗಳನ್ನು ಸಿಬಿಐಗೆ ಒಪ್ಪಿಸಿ, ಇಂಥ ಖಾತೆಗಳನ್ನು ತೆರೆಯುವಲ್ಲಿ ಬ್ಯಾಂಕ್ ಅಧಿಕಾರಿಗಳ ಪಾತ್ರವನ್ನೂ ತನಿಖೆ ಮಾಡಲು ಅವಕಾಶ ಕೊಟ್ಟದ್ದು ಸರಿಯಾದ ದಿಕ್ಕಿನ ಹೆಜ್ಜೆ. ಮತ ಕೇಳಲು ಬರುವ ಪ್ರತಿನಿಧಿಗಳನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಉಳಿದರ್ಧ ನ್ಯಾಯದ ಬಗ್ಗೆ ಕೇಳುವುದು ಪ್ರಜೆಯ ಕರ್ತವ್ಯ.

ಅದಕ್ಕೆ ಕಾಯದೆ ಸಂಘಗಳು ಇಂದೇ ಮಾಡಬಹುದಾದ ಕೆಲಸಗಳಿವೆ. ಕುಟುಂಬ ಸೂಚಿಯಲ್ಲಿ ಹುಟ್ಟಿದ ದಿನವನ್ನೂ ಆದಾಯವನ್ನೂ ಕೈಬಿಡಬೇಕು. ಒಪ್ಪಿಗೆಯಿಲ್ಲದೆ ಯಾರ ಫೋನ್ ಸಂಖ್ಯೆಯನ್ನೂ ಹಾಕಬಾರದು. ಪಿಡಿಎಫ್ ಹಂಚುವುದನ್ನು ನಿಲ್ಲಿಸಬೇಕು. ದೇಣಿಗೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಮೊತ್ತ ಬೇಡ. ಬಸದಿಯ ಕ್ಯೂಆರ್ ಸಂಕೇತವನ್ನು ವಾರಕ್ಕೊಮ್ಮೆ ಯಾರಾದರೂ ತಮ್ಮ ಫೋನಿನಲ್ಲಿ ತೆರೆದು, ಹಣ ಬಸದಿಯ ಖಾತೆಗೇ ಹೋಗುವುದೇ ಎಂದು ನೋಡಬೇಕು. ಮನೆಗಳಲ್ಲಿ, ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ ಎಂಬುದು ಎಲ್ಲರಿಗೂ ತಿಳಿದಿರಬೇಕು. ಗ್ರಾಹಕ ಸೇವೆಯ ಸಂಖ್ಯೆಯನ್ನು ಹುಡುಕುಪುಟದಲ್ಲಿ ಅರಸದೆ ಕಾರ್ಡಿನ ಹಿಂಬದಿಯಲ್ಲಿಯೋ ಪಾಸ್‌ಬುಕ್ಕಿನಲ್ಲಿಯೋ ನೋಡಬೇಕು. ಬ್ಯಾಂಕುಗಳ ಜಾಲತಾಣದ ವಿಳಾಸ ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯಬೇಕೆಂಬ ನಿಯಮವಿದೆ. ಹಾಗೆ ಮುಗಿಯದ ಪುಟದಲ್ಲಿ ಗುಪ್ತಪದ ಬರೆಯಬಾರದು. ಫೋನನ್ನು ದೂರದಿಂದ ನಡೆಸುವ ಆ್ಯಪ್‌ಗಳನ್ನು ಅಪರಿಚಿತರ ಮಾತಿಗೆ ಹಾಕಿಕೊಳ್ಳಬಾರದು. ಇಷ್ಟಾಗಿಯೂ ಹಣ ಹೋದರೆ ಅಹಮದಾಬಾದಿನಲ್ಲಿದ್ದರೂ ಬೆಳಗಾವಿಯಲ್ಲಿದ್ದರೂ ಒಂದೇ ಸಂಖ್ಯೆ: 1930. ಹಣ ಮೊದಲ ಖಾತೆಯಲ್ಲಿ ಇರುವಾಗಲೇ ತಡೆಹಿಡಿಯಲು ಅದು ನೆರವಾಗುತ್ತದೆ. ಆದ್ದರಿಂದ ಮಾರನೆಯ ಬೆಳಿಗ್ಗೆಗೆ ಮುಂದೂಡಬಾರದು.

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರದ ಪ್ರವಚನ ಅನೇಕ ಬಸದಿಗಳಲ್ಲಿ ನಡೆಯುತ್ತದೆ. ಏಳನೆಯ ದಿನ ವ್ರತಗಳ ಅತಿಚಾರಗಳನ್ನು ವಿವರಿಸುವ ಪಂಡಿತರು ಹಳೆಯ ಕಾಲದ ತಕ್ಕಡಿ, ಬೆಸನಾಣ್ಯಗಳ ಉದಾಹರಣೆಗೆ ನಿಲ್ಲದೆ, ಬಾಡಿಗೆಗೆ ಹೋದ ಪಾಸ್‌ಬುಕ್ಕಿನ ಉದಾಹರಣೆಯನ್ನೂ ಹೇಳಲಿ. ಅಂದು ಮುಂದಿನ ಸಾಲಿನಲ್ಲಿ ಕೂತ ಯುವಕನಿಗೆ, ತನ್ನ ಹೆಸರಿನ ಖಾತೆಯನ್ನು ಮತ್ತೊಬ್ಬನ ಕೈಗೆ ಕೊಡುವುದು ಯಾವ ಪಾಪದ ಹೆಸರೆಂದು ತಿಳಿದರೆ, ಯಾವುದೋ ಊರಿನ ಒಬ್ಬ ವೃದ್ಧರ ಜೀವಮಾನದ ಉಳಿತಾಯ ಉಳಿದೀತು.